ನೆಲದ ಸಾಕ್ಷ್ಯ, ಗೋಡೆಯ ಹೊಣೆ

1993ರ ಸೆಪ್ಟೆಂಬರ್ 30ರ ನಸುಕಿನ ನಾಲ್ಕರ ಸುಮಾರಿಗೆ ಲಾತೂರ ಜಿಲ್ಲೆಯ ಕಿಲ್ಲಾರಿಯ ನೆಲ ಸರಿಯಿತು. ಹಿಂದಿನ ರಾತ್ರಿ ಗಣಪತಿಯನ್ನು ನೀರಿಗೆ ಬಿಟ್ಟು ಬಂದ ಜನ ಗಾಢನಿದ್ರೆಯಲ್ಲಿದ್ದರು. ಕಂಪನದ ಪ್ರಮಾಣ 6.2. ಲಾತೂರ ಮತ್ತು ಅಂದಿನ ಉಸ್ಮಾನಾಬಾದ ಜಿಲ್ಲೆಗಳಲ್ಲಿ ಸತ್ತವರ ಸಂಖ್ಯೆ ಹತ್ತು ಸಾವಿರದ ಸಮೀಪಕ್ಕೆ ಮುಟ್ಟಿತು. ಸೊಲ್ಲಾಪುರ, ಅಕ್ಕಲಕೋಟೆ, ಕಲಬುರಗಿ, ಬೀದರಗಳಲ್ಲಿಯೂ ಜನ ಎದ್ದು ಬಯಲಿಗೆ ಓಡಿದರು. ಆದರೆ ಅಂದು ಜಾರಿಯಲ್ಲಿದ್ದ ಭೂಕಂಪ ವಲಯಗಳ ನಕ್ಷೆಯಲ್ಲಿ ಕಿಲ್ಲಾರಿಯು ಒಂದನೆಯ ವಲಯದಲ್ಲಿತ್ತು. ಅಂದರೆ ಅಪಾಯವು ಅತ್ಯಂತ ಕಡಿಮೆಯೆಂದು ಎಣಿಸಿದ ಪ್ರದೇಶದಲ್ಲಿ.

ನಕ್ಷೆ ಹೇಗೆ ತಪ್ಪಿತೆಂಬುದನ್ನು ತಿಳಿಯಬೇಕಾದರೆ ನೆಲ ಹೇಗೆ ಬಿರಿಯುತ್ತದೆಂಬುದನ್ನು ಮೊದಲು ತಿಳಿಯಬೇಕು. ಭೂಮಿಯ ಹೊರಚಿಪ್ಪಿನ ಶಿಲೆಯಲ್ಲಿ ಬಿರುಕುಂಟಾಗಿ, ಅದರ ಎರಡು ಮಗ್ಗುಲುಗಳು ಒಂದನ್ನೊಂದು ಉಜ್ಜಿಕೊಂಡು ಸರಿದ ತಾಣಕ್ಕೆ ಸ್ತರಭಂಗವೆಂದು ಹೆಸರು. 1906ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರ ನೆಲಕಚ್ಚಿದಾಗ ಹ್ಯಾರಿ ಫೀಲ್ಡಿಂಗ್ ರೀಡ್ ಎಂಬ ವಿಜ್ಞಾನಿಯು ಭೂಮಾಪನದ ಹಳೆಯ ಮತ್ತು ಹೊಸ ಅಳತೆಗಳನ್ನು ಹೋಲಿಸಿ ನೋಡಿದನು. ಸ್ತರಭಂಗದಿಂದ ದೂರದ ನೆಲ ದಶಕಗಳ ಕಾಲ ಮೆಲ್ಲನೆ ಸರಿಯುತ್ತಲೇ ಇತ್ತು. ಬಿರುಕಿನ ಅಂಚು ಮಾತ್ರ ಘರ್ಷಣೆಯಿಂದ ಕಚ್ಚಿಕೊಂಡು ನಿಂತಿತ್ತು. ನಡುವಣ ಶಿಲೆ ಬಗ್ಗಿಸಿದ ಬಿಲ್ಲಿನಂತೆ ಬಾಗಿ ಬಿಗಿದಿತ್ತು. ಘರ್ಷಣೆಯ ಹಿಡಿತ ಸೋತ ಕ್ಷಣದಲ್ಲಿ ಅದು ಸೆಟೆದು ತನ್ನ ನೆಲೆಗೆ ಮರಳಿತು. ಹೀಗೆ ಕೂಡಿಟ್ಟ ಶಕ್ತಿಯ ಬಿಡುಗಡೆಯೇ ಭೂಕಂಪ.

ಸ್ತರಭಂಗವು ಒಮ್ಮೆಲೇ ಆದ್ಯಂತ ಹರಿಯುವುದಿಲ್ಲ. ಆಳದ ಒಂದು ಬಿಂದುವಿನಲ್ಲಿ ಆರಂಭವಾದ ಜಾರಿಕೆಯು ತನ್ನ ತುದಿಯ ಒತ್ತಡವನ್ನು ಪಕ್ಕದ ಶಿಲೆಗೆ ದಾಟಿಸುತ್ತದೆ, ಅದೂ ಸೋಲುತ್ತದೆ. ಬಟ್ಟೆಯ ಹರಿತದಂತೆ ಈ ಬಿರಿತವು ಸಾಮಾನ್ಯವಾಗಿ ಸೆಕೆಂಡಿಗೆ ಎರಡು ಮೂರು ಕಿಲೋಮೀಟರು ವೇಗದಲ್ಲಿ ಓಡಿ, ಗಟ್ಟಿಯಾದ ಅಥವಾ ಒತ್ತಡ ಕಡಿಮೆಯಾದ ಭಾಗವನ್ನು ತಲುಪಿದಾಗ ನಿಲ್ಲುತ್ತದೆ. ಹರಿದ ಮೈಯ ವಿಸ್ತಾರ ಮತ್ತು ಜಾರಿದ ದೂರ ಹೆಚ್ಚಿದಷ್ಟೂ ಕಂಪನದ ಪ್ರಮಾಣವೂ ಹೆಚ್ಚುತ್ತದೆ. 2004ರ ಸುಮಾತ್ರಾ ಭೂಕಂಪದಲ್ಲಿ ಸುಮಾರು 1,300 ಕಿಲೋಮೀಟರು ಉದ್ದದ ಬಿರಿತವಾಯಿತು. ಕಿಲ್ಲಾರಿಯದು ಅದರೆದುರು ಬಹು ಚಿಕ್ಕದು. ಆದರೆ ಆಳ ಕಡಿಮೆ, ಮೇಲೆಯೇ ಊರುಗಳು.

ನಮ್ಮ ಭಾಗದಲ್ಲಿ ತೊಡಕೆಂದರೆ ಬಿರುಕು ಕಣ್ಣಿಗೆ ಬೀಳದಿರುವುದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸ ಹೆಪ್ಪುಗಟ್ಟಿ ಕರಿಕಲ್ಲಾಗಿ ದಖ್ಖನಿನ ಹಳೆಯ ಶಿಲೆಯನ್ನು ಮುಚ್ಚಿದೆ; ಅದರ ಮೇಲೆ ನಮ್ಮ ಎರೆಮಣ್ಣು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯು ಕಿಲ್ಲಾರಿಯಲ್ಲಿ 617 ಮೀಟರು ಆಳದ ರಂಧ್ರ ಕೊರೆದಾಗ ಲಾವಾಪದರವೇ ಸುಮಾರು 338 ಮೀಟರು ದಪ್ಪವಿತ್ತು. ಭಾರತದ ಭೂಫಲಕವು ವರ್ಷಕ್ಕೆ ಸುಮಾರು ಐದು ಸೆಂಟಿಮೀಟರಿನಂತೆ ಉತ್ತರಕ್ಕೆ ಸರಿದು ಏಷ್ಯಾವನ್ನು ಒತ್ತುತ್ತಿದೆ. ಆ ಒತ್ತಡವು ಹಿಮಾಲಯದಲ್ಲಿಯೇ ಮುಗಿಯದೆ ಒಳನಾಡಿನ ಹಳೆಯ ದುರ್ಬಲ ತಾಣಗಳನ್ನೂ ತಟ್ಟುತ್ತದೆ. ಇಲ್ಲಿ ಅದು ತುಂಬುವುದು ಅತಿ ನಿಧಾನ. ಎರಡು ಭೂಕಂಪಗಳ ನಡುವಿನ ಅವಧಿಯು ಮನುಷ್ಯನ ಲಿಖಿತ ಚರಿತ್ರೆಗಿಂತ ದೀರ್ಘವಾಗಿರಬಲ್ಲದು. ಹಿಂದಿನ ಭೂಕಂಪಗಳ ದಾಖಲೆಯನ್ನು ಹೆಚ್ಚಾಗಿ ನೆಚ್ಚಿದ ನಕ್ಷೆಯು ದಾಖಲೆಯಿಲ್ಲದ ನೆಲವನ್ನು ನಿರಪಾಯವೆಂದು ಗುರುತಿಸಿತು. ಸಾಕ್ಷಿಯು ಹಾಜರಾಗಲಿಲ್ಲವೆಂದ ಮಾತ್ರಕ್ಕೆ ಘಟನೆ ನಡೆದೇ ಇಲ್ಲವೆಂದು ತೀರ್ಪಿತ್ತಂತೆ ಇದು.

ಆದ್ದರಿಂದ ವಿಜ್ಞಾನಿಗಳು ನೆಲವನ್ನೇ ಸಾಕ್ಷಿಕಟ್ಟೆಗೆ ಕರೆಯುತ್ತಾರೆ. ಭೂಕಂಪಮಾಪಕಗಳನ್ನು ಹೂಡಿ, ಅಲೆಗಳು ಬಂದು ಮುಟ್ಟಿದ ವೇಳೆಯ ಅಂತರದಿಂದ ಮರುಕಂಪನಗಳ ಸ್ಥಾನ ಕಂಡುಹಿಡಿಯುತ್ತಾರೆ. ಬಿಂದು ಬಿಂದುವಾಗಿ ಸ್ತರಭಂಗದ ರೂಪ ಮೂಡುತ್ತದೆ. ಕಿಲ್ಲಾರಿಯ ಹೊಲಗಳಲ್ಲಿ ಮೀಟರಿಗಿಂತ ಕಡಿಮೆ ಎತ್ತರದ ಉಬ್ಬು ತುಂಡುತುಂಡಾಗಿ ಎದ್ದಿತ್ತು. ಅದನ್ನು ಅಡ್ಡಗಡಿದು ಕಂದಕ ತೋಡಿ, ಒಂದು ಮಗ್ಗುಲಿನ ಶಿಲೆ ಇನ್ನೊಂದರ ಮೇಲೇರಿದುದನ್ನು ಪರೀಕ್ಷಿಸಿದರು. 1967ರಲ್ಲಿ 6.3 ಪ್ರಮಾಣದ ಭೂಕಂಪವಾದ ಕೊಯ್ನಾ ಭಾಗದಲ್ಲಿ ಜಲಾಶಯಕ್ಕೂ ಕಂಪನಕ್ಕೂ ಇರುವ ನಂಟನ್ನು ಬಿಡಿಸಲು 3 ಕಿಲೋಮೀಟರು ಆಳದ ಪ್ರಾಯೋಗಿಕ ರಂಧ್ರವನ್ನೇ ಕೊರೆದಿದ್ದಾರೆ.

ಇಷ್ಟಾದರೂ ಮುಂದಿನ ಕಂಪನದ ದಿನಾಂಕವನ್ನು ಯಾರೂ ಹೇಳಲಾರರು. 1992ರಲ್ಲಿಯೇ ಕಿಲ್ಲಾರಿಯ ಜನ ಸಣ್ಣ ಕಂಪನಗಳನ್ನು ಅನುಭವಿಸಿದ್ದರು. ಅಂಥ ಸರಣಿಗಳು ಹಲವೆಡೆ ಬಂದು ತಾವಾಗಿ ಅಡಗುತ್ತವೆ. ಯಾವುದು ಮುನ್ಸೂಚನೆಯೆಂಬುದು ದೊಡ್ಡ ಕಂಪನ ಬಂದ ಮೇಲಷ್ಟೇ ತಿಳಿಯುತ್ತದೆ.

ನೆಲದ ದಿನಾಂಕ ತಿಳಿಯದಿದ್ದರೂ ಗೋಡೆಯ ಬಲವನ್ನು ತಿಳಿಯಬಹುದು. ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ಮುಖ್ಯವಾಗಿ ಕಲ್ಲುಮಣ್ಣಿನ ಗೋಡೆ ಮತ್ತು ಮಣ್ಣು ಹೇರಿದ ಭಾರದ ಮಾಳಿಗೆ. ಒಳಮೈ ಹೊರಮೈಗಳೆಂದು ಎರಡು ಸಾಲು ಕಲ್ಲಿಟ್ಟು ನಡುವೆ ಚೂರು ತುಂಬಿದ ಗೋಡೆಯು ನಡುಗಿದಾಗ ಸೀಳಿಕೊಂಡು ಉಬ್ಬುತ್ತದೆ, ಮಾಳಿಗೆ ಕುಸಿಯುತ್ತದೆ. ಐ.ಎಸ್. 13828 ಎಂಬ 1993ರ ಭಾರತೀಯ ಮಾನಕವು ಇದಕ್ಕೆ ಅಗ್ಗದ ಪರಿಹಾರ ಸೂಚಿಸಿದೆ: ಎತ್ತರದಲ್ಲಿ ಪ್ರತಿ 60 ಸೆಂಟಿಮೀಟರಿಗೆ, ಅಡ್ಡಲಾಗಿ 1.2 ಮೀಟರು ಮೀರದ ಅಂತರದಲ್ಲಿ, ಗೋಡೆಯ ದಪ್ಪದಷ್ಟೇ ಉದ್ದದ ಕಲ್ಲನ್ನು ಆರುಪಾರಾಗಿ ಇಡಬೇಕು. ಬಾಗಿಲ ಮೇಲ್ಮಟ್ಟದಲ್ಲಿ ಮನೆಯ ಸುತ್ತ ಒಂದೇ ಪಟ್ಟಿ ಕಟ್ಟಬೇಕು.

2002ರ ಪರಿಷ್ಕರಣೆಯಲ್ಲಿ ಒಂದನೆಯ ವಲಯವೇ ರದ್ದಾಯಿತು. ಕಿಲ್ಲಾರಿ ಮೂರನೆಯ ವಲಯಕ್ಕೆ ಸೇರಿತು. ಆದರೆ ಇಂಥ ಮಾನಕಗಳು ಸ್ವತಃ ಶಾಸನಗಳಲ್ಲ. ಕಟ್ಟಡ ನಿಯಮಗಳು ಅವನ್ನು ಅಳವಡಿಸಿಕೊಂಡಲ್ಲಿ ಮಾತ್ರ ಅವು ಮನೆ ಕಟ್ಟುವವನನ್ನು ಬಂಧಿಸುತ್ತವೆ. ಸ್ವಂತ ಕಲ್ಲು, ಸ್ವಂತ ಮಣ್ಣಿನಿಂದ ಹಳ್ಳಿಯಲ್ಲಿ ಕಟ್ಟುವ ಮನೆಯನ್ನು ಪರೀಕ್ಷಿಸಲು ಅಧಿಕಾರಿ ಬರುವುದು ಅಪರೂಪ. ಅಲ್ಲಿ ಕಾನೂನು ಬರುವವರೆಗೆ ಕಾಯುವ ಅಗತ್ಯವಿಲ್ಲ. ಗೋಡೆ ಏಳುತ್ತಿರುವಾಗಲೇ ಗೌಂಡಿಯನ್ನು ನಿಲ್ಲಿಸಿ ಆರುಪಾರು ಕಲ್ಲು ಎಲ್ಲಿದೆ ಎಂದು ಮನೆಯ ಯಜಮಾನನೇ ಕೇಳಬೇಕು, ಎಣಿಸಿ ನೋಡಬೇಕು. ಗಿಲಾಯಿ ಆದ ಮೇಲೆ ಅದು ಯಾರ ಕಣ್ಣಿಗೂ ಕಾಣದು.