ಹೊಸ ಮನೆಗೆ ಒಂದು ನೋಟ್‌ಬುಕ್

ಹೊಸ ಮನೆಗೆ ನಿಜವಾದ ಪರೀಕ್ಷೆ ಎಂದರೆ ಮೊದಲ ಮಳೆಗಾಲ. ವಾಸ್ತುಶಾಂತಿ ಮುಗಿದಿರುತ್ತದೆ, ಬೀಗರು ಬಿಜ್ಜರು ಹೋಳಿಗೆ ಉಂಡು ಹೋಗಿರುತ್ತಾರೆ, ಬಣ್ಣದ ವಾಸನೆ ಇನ್ನೂ ಪೂರ್ತಿ ಹೋಗಿರುವುದಿಲ್ಲ. ಅಷ್ಟರಲ್ಲಿ ಒಂದು ಬೆಳಗ್ಗೆ ಪಡಸಾಲೆಯ ಗೋಡೆಯಲ್ಲಿ ಕೂದಲೆಳೆಯಂಥ ಗೆರೆ ಕಾಣುತ್ತದೆ. ಕಿಟಕಿಯ ಮೂಲೆಯಲ್ಲಿ ಇನ್ನೊಂದು. ತಲೆ ಎತ್ತಿ ನೋಡಿದರೆ ಸ್ಲ್ಯಾಬಿನ ಅಡಿಯಲ್ಲಿ ಚಹಾ ಚೆಲ್ಲಿದಂಥ ಕಲೆ. ಗೌಂಡಿಗೆ ಫೋನ್ ಮಾಡಿದರೆ ಅವರ ಉತ್ತರ ಸಿದ್ಧವಾಗಿರುತ್ತದೆ: “ಹೊಸಾ ಮನಿ ಅಂದ್ರ ಹಂಗೇ ಇರ್ತದ್ರಿ, ಏನೂ ಆಗಲ್ಲ.”

ಈ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಕೆಲವು ಬಿರುಕುಗಳಿಂದ ಏನೂ ಆಗುವುದಿಲ್ಲ. ಕೆಲವು ಮುಂದೆ ಬರುವ ದೊಡ್ಡ ತೊಂದರೆಯ ಮೊದಲ ಸುದ್ದಿ. ಯಾವುದು ಯಾವುದೆಂದು ತಿಳಿಯುವುದು ಹೇಗೆ? ಕಟ್ಟಿದವರದೇ ತಪ್ಪಾಗಿದ್ದರೆ ಅದನ್ನು ಸರಿ ಮಾಡಿಸಿಕೊಳ್ಳುವುದು ಹೇಗೆ? ಜನವಾಡ, ಭಾಲ್ಕಿ, ಔರಾದ್ ಕಡೆಯ ಮನೆಗಳಲ್ಲಿ ಈ ಕೆಲಸಕ್ಕೆ ಇಬ್ಬರು ಬೇಕು. ಮಣ್ಣಿನ ಗುಣ ಬಲ್ಲ ಮುತ್ಯಾ ಅಥವಾ ಆಯಿ ಒಬ್ಬರು. ಪೆನ್ನು, ನೋಟ್‌ಬುಕ್ ಹಿಡಿಯಬಲ್ಲ ಮೊಮ್ಮಗ ಅಥವಾ ಮೊಮ್ಮಗಳು ಇನ್ನೊಬ್ಬರು.

ಮೊದಲು ಮುತ್ಯಾನ ಪಾಠ.

ಬೀದರ್ ಊರು ಕೆಂಪು ಜಂಬಿಟ್ಟಿಗೆ ಕಲ್ಲಿನ ದಿನ್ನೆಯ ಮೇಲೆ ಕೂತಿದೆ. ಆ ಕಲ್ಲನ್ನು ನೆಲದಿಂದ ಕಡಿಯುವಾಗ ಮೆತ್ತಗಿರುತ್ತದೆ, ಗಾಳಿಗೆ ಬಿಟ್ಟರೆ ಗಟ್ಟಿಯಾಗುತ್ತದೆ. ಕೋಟೆಯನ್ನು ನೋಡಿದ ಮಕ್ಕಳಿಗೆ ಆ ಕಲ್ಲಿನ ಬಣ್ಣ ಗೊತ್ತು. ಆದರೆ ದಿನ್ನೆಯಿಂದ ಇಳಿದು ಮಾಂಜ್ರಾ ನದಿಯ ಕಡೆ ಬಂದರೆ ಕಪ್ಪು ಎರಿ ಮಣ್ಣು ಸಿಗುತ್ತದೆ. ತೊಗರಿ, ಕಡಲೆ, ಜೋಳಕ್ಕೆ ಅದು ಚಿನ್ನ. ಮನೆಗೆ ಅದು ಬೇರೆಯೇ ಲೆಕ್ಕ. ಬೇಸಿಗೆಯಲ್ಲಿ ಎರಿ ಹೊಲ ಬಾಯಿ ಬಿಡುವುದನ್ನು, ಮಳೆ ಬಿದ್ದೊಡನೆ ಉಬ್ಬಿ ಬಾಯಿ ಮುಚ್ಚುವುದನ್ನು ಹಿರಿಯರು ವರ್ಷವರ್ಷ ನೋಡಿದ್ದಾರೆ. ಹೊಲ ಹಾಗೆ ಮಾಡಿದರೆ ಯಾರಿಗೂ ತೊಂದರೆ ಇಲ್ಲ. ಅದೇ ಮಣ್ಣಿನ ಮೇಲೆ ಮನೆಯ ಬುನಾದಿ ಇದ್ದರೆ ಗೋಡೆಯೂ ಮಣ್ಣಿನ ಜೊತೆ ಮೇಲೆ ಕೆಳಗೆ ಆಗಬೇಕಾಗುತ್ತದೆ. ಇಟ್ಟಂಗಿ ಗೋಡೆಗೆ ಬಗ್ಗಲು ಬರುವುದಿಲ್ಲ, ಸೀಳುತ್ತದೆ.

ಮಕ್ಕಳೇ, ಇದನ್ನು ಮನೆಯಲ್ಲೇ ಪರೀಕ್ಷಿಸಿ ನೋಡಬಹುದು. ಎರಡು ಗಾಜಿನ ಲೋಟ ತೆಗೆದುಕೊಳ್ಳಿ. ಒಂದಕ್ಕೆ ಚೆನ್ನಾಗಿ ಒಣಗಿಸಿ ಪುಡಿ ಮಾಡಿದ ಎರಿ ಮಣ್ಣು, ಇನ್ನೊಂದಕ್ಕೆ ಕೆಂಪು ಮುರುಮು, ಎರಡನ್ನೂ ಅರ್ಧದವರೆಗೆ ತುಂಬಿ ಮೆಲ್ಲಗೆ ಒತ್ತಿ. ಮಣ್ಣು ಎಲ್ಲಿಯವರೆಗೆ ಇದೆಯೆಂದು ಲೋಟದ ಹೊರಗೆ ಪೆನ್ನಿನಿಂದ ಗೆರೆ ಹಾಕಿ. ಎರಡಕ್ಕೂ ನೀರು ಹಾಕಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಎರಿ ಮಣ್ಣು, ನೆನೆಹಾಕಿದ ಕಡಲೆಯ ಹಾಗೆ, ಗೆರೆ ದಾಟಿ ಮೇಲೆ ಬಂದಿರುತ್ತದೆ. ಮುರುಮು ಹೆಚ್ಚು ಕಡಿಮೆ ಇದ್ದಲ್ಲೇ ಇರುತ್ತದೆ. ಎರಿ ನೆಲದಲ್ಲಿ ಮನೆ ಕಟ್ಟುವಾಗ ಕಪ್ಪು ಮಣ್ಣನ್ನು ಆಳಕ್ಕೆ ತೆಗೆದು ಮುರುಮು ತುಂಬಿ, ನೀರು ಹೊಡೆದು ಬಡಿದು, ಅದರ ಮೇಲೆ ಸುತ್ತಲೂ ಕಾಂಕ್ರೀಟಿನ ಪಟ್ಟಿ ಹಾಕುವುದು ಇದೇ ಕಾರಣಕ್ಕೆ. ಇನ್ನೂ ಆಳದ ಎರಿ ನೆಲಕ್ಕಾಗಿ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ತಳದಲ್ಲಿ ಕೊಡದಂತೆ ಉಬ್ಬಿದ ಕಾಂಕ್ರೀಟ್ ಕಂಬಗಳ ವಿಧಾನವನ್ನೇ ರೂಪಿಸಿದ್ದಾರೆ.

ಈ ಕೆಲಸವನ್ನು ಯಾರು ಬಿಟ್ಟರು ಎಂಬುದರ ಮೇಲೆ ಮುಂದಿನ ಜಗಳ ನಿಲ್ಲುತ್ತದೆ. “ಎರಡು ಫೂಟು ಸಾಕು, ರೊಕ್ಕ ಇಲ್ಲ” ಎಂದು ಮನೆಯವರೇ ಹೇಳಿದ್ದರೆ ಗೌಂಡಿಯನ್ನು ಬೈದು ಉಪಯೋಗವಿಲ್ಲ. ನಾಲ್ಕು ಫೂಟಿಗೆ ಹಣ ಪಡೆದು ಎರಡು ಫೂಟು ಅಗೆದಿದ್ದರೆ ಅದು ಬೇರೆ ಮಾತು. ನಮ್ಮ ಕಡೆ ಬಹಳಷ್ಟು ಮನೆಗಳು ಬಾಯಿಮಾತಿನ ಮೇಲೆಯೇ ಏಳುತ್ತವೆ. ಗೌಂಡಿ ಪಕ್ಕದ ಓಣಿಯವರು, ಜಾತ್ರೆಯಲ್ಲಿ ಎದುರಾಗುವವರು, ಅವರ ಹತ್ತಿರ ಕಾಗದ ಕೇಳುವುದು ಹೇಗೆ ಎಂಬ ಸಂಕೋಚ. ಆದರೆ ಬರೆದಿಟ್ಟ ಕಾಗದ ಗೌಂಡಿಯನ್ನೂ ಕಾಯುತ್ತದೆ. ಹೇಳದ ಕೆಲಸವನ್ನು ಮಾಡಿಲ್ಲ ಎಂದು ಅವರ ಮೇಲೆ ಆಮೇಲೆ ಯಾರೂ ಹೊರಿಸಲಾರರು.

ಇನ್ನು ನೋಟ್‌ಬುಕ್ಕಿನ ಪಾಠ.

ಬಿರುಕು ಕಂಡ ದಿನವೇ ಅದರ ಎರಡೂ ತುದಿಗೆ ಪೆನ್ಸಿಲಿನಿಂದ ಸಣ್ಣ ಅಡ್ಡಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ಫುಟ್‌ಪಟ್ಟಿ ಇಟ್ಟು ಫೋಟೋ ತೆಗೆಯಿರಿ, ಅಗಲ ಎಷ್ಟೆಂದು ಆಗ ಫೋಟೋದಲ್ಲೇ ಕಾಣುತ್ತದೆ. ತಿಂಗಳ ಬಳಿಕ ಬಿರುಕು ಗೆರೆ ದಾಟಿ ಹೋಗಿದೆಯೇ ನೋಡಿ. ಹಳೆಯ ಎಂಜಿನಿಯರುಗಳು ಇನ್ನೊಂದು ಉಪಾಯ ಮಾಡುತ್ತಿದ್ದರು. ಬಿರುಕಿಗೆ ಅಡ್ಡಲಾಗಿ ತೆಳ್ಳನೆಯ ಗಾಜಿನ ಪಟ್ಟಿ ಇಟ್ಟು, ಅದರ ಎರಡು ಕೊನೆಗಳನ್ನು ಸಿಮೆಂಟಿನಿಂದ ಅಂಟಿಸುವುದು. ಗೋಡೆ ಇನ್ನೂ ಸರಿಯುತ್ತಿದ್ದರೆ ಗಾಜು ಒಡೆಯುತ್ತದೆ. ಗಾಜು ಅಂಟಿಸುವ ಕೆಲಸ ಮಾತ್ರ ದೊಡ್ಡವರದು.

ಬಿರುಕಿನ ಆಕಾರವೂ ಮಾತಾಡುತ್ತದೆ. ಗಿಲಾವಿನ ಮೇಲೆ ನಕಾಶೆಯಂತೆ ಹರಡಿದ ಸಣ್ಣ ಗೆರೆಗಳು ಸಾಮಾನ್ಯವಾಗಿ ಗಿಲಾವು ಬೇಗ ಒಣಗಿದ್ದರಿಂದ ಬರುತ್ತವೆ. ನೋಡಲು ಕೆಟ್ಟದು, ಮನೆಗೆ ಅಪಾಯವಿಲ್ಲ. ಕಂಬ ಮತ್ತು ಇಟ್ಟಂಗಿ ಗೋಡೆ ಕೂಡುವಲ್ಲಿ ನೆಟ್ಟಗೆ ಬರುವ ಗೆರೆ, ಗಿಲಾವಿನೊಳಗೆ ಅಲ್ಲಿ ತಂತಿ ಜಾಲರಿ ಹಾಕದೆ ಬಿಟ್ಟಾಗ ಸಾಮಾನ್ಯ. ಆದರೆ ಕಿಟಕಿ, ಬಾಗಿಲ ಮೂಲೆಯಿಂದ ಓರೆಯಾಗಿ, ಮೆಟ್ಟಿಲು ಮೆಟ್ಟಿಲಾಗಿ ಇಟ್ಟಂಗಿಯ ಸಂದುಗಳಲ್ಲಿ ಓಡುವ ಬಿರುಕು ಕಂಡರೆ, ಅದು ತಿಂಗಳು ತಿಂಗಳಿಗೆ ಅಗಲವಾಗುತ್ತಿದ್ದರೆ, ಬುನಾದಿ ಕೂರುತ್ತಿದೆ ಎಂಬ ಅನುಮಾನ ಬರಬೇಕು. ಆಗ ಎಂಜಿನಿಯರರನ್ನು ಕರೆಸಲು ತಡ ಮಾಡಬಾರದು. ಗೋಡೆಯ ಬುಡದಲ್ಲಿ ಬಿಳಿ ಉಪ್ಪಿನ ಪುಡಿ ಏಳುವುದು, ಬಣ್ಣ ಸುಲಿಯುವುದು ನೆಲದ ತೇವ ಮೇಲೇರುತ್ತಿರುವ ಗುರುತು. ಅಲ್ಲಿ ಬಣ್ಣದ ಮೇಲೆ ಬಣ್ಣ ಬಳಿಸುವುದು ದುಡ್ಡನ್ನು ನೀರಿಗೆ ಹಾಕಿದಂತೆ.

ನೆಲಕ್ಕೆ ಟೈಲ್ಸ್ ಹಾಕಿದ್ದರೆ ಒಂದು ನಾಣ್ಯದಿಂದ ಪ್ರತಿಯೊಂದನ್ನೂ ಮೆಲ್ಲಗೆ ಬಡಿಯಿರಿ. ‘ಟಕ್’ ಎಂದರೆ ಸರಿ, ‘ಡಬ್’ ಎಂದರೆ ಅಡಿಯಲ್ಲಿ ಪೊಳ್ಳು. ಪೊಳ್ಳು ಟೈಲ್ಸಿನ ಮೇಲೆ ಸುಣ್ಣದ ಕಡ್ಡಿಯಿಂದ ಗುರುತು ಹಾಕಿ ಎಣಿಸಿ. ಚಿಕ್ಕ ಮಕ್ಕಳೂ ಖುಷಿಯಿಂದ ಮಾಡುವ ಕೆಲಸ ಇದು.

ಮನೆ ಇನ್ನೂ ಏಳುತ್ತಿದ್ದರೆ ನೋಟ್‌ಬುಕ್ಕಿಗೆ ಇನ್ನೂ ಹೆಚ್ಚಿನ ಕೆಲಸವಿದೆ. ಸ್ಲ್ಯಾಬ್ ಹಾಕಿದ ತಾರೀಖು ಬರೆಯಿರಿ. ಆಮೇಲೆ ಅದರ ಮೇಲೆ ಒಡ್ಡು ಕಟ್ಟಿ ನೀರು ನಿಲ್ಲಿಸಿದ ದಿನಗಳನ್ನು ಒಂದೊಂದಾಗಿ ಗುರುತು ಮಾಡಿ. ಕಾಂಕ್ರೀಟಿಗೆ ಕನಿಷ್ಠ 7 ದಿನ ನೀರು ಬೇಕು. ಈಗ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ ಬೂದಿ ಬೆರೆತ ಸಿಮೆಂಟಿಗೆ ಕನಿಷ್ಠ 10 ದಿನ, ನಮ್ಮಂಥ ಬಿಸಿಲಿನ ನಾಡಿನಲ್ಲಿ 14 ದಿನ ಕೊಟ್ಟರೆ ಒಳ್ಳೆಯದು. ಮೇ ತಿಂಗಳಲ್ಲಿ ಸ್ಲ್ಯಾಬ್ ಹಾಕಿ ಮೂರೇ ದಿನಕ್ಕೆ ನೀರು ನಿಲ್ಲಿಸಿದ ಮನೆ ಮುಂದೆ ಸೋರಿದರೆ ಮಳೆಯನ್ನು ಬೈದು ಏನು ಮಾಡುವುದು? ನೀರು ಹೊಡೆಯುವ ಹೊಣೆ ಯಾರದು ಎಂಬುದನ್ನೂ ಮೊದಲೇ ಮಾತಾಡಿಕೊಳ್ಳಬೇಕು. ಬಹಳ ಕಡೆ ಅದು ಮನೆಯವರ ಪಾಲಿಗೇ ಬರುತ್ತದೆ. ಗೌಂಡಿಯ ಮೇಲೆ ದೂರು ಹೇಳಿದಾಗ ಅವರು ಮೊದಲು ಹಿಡಿಯುವ ಎಳೆಯೂ ಅದೇ.

ಕೊನೆಯ ಕಂತು ಕೊಡುವ ಮುಂಚೆ ಮಾಳಿಗೆಯ ನೀರು ಹೋಗುವ ಕಿಂಡಿ ಮುಚ್ಚಿ, ಒಂದೆರಡು ದಿನ ನೀರು ನಿಲ್ಲಿಸಿ ಅಡಿಯಿಂದ ನೋಡಬೇಕು. ಸರ್ಕಾರಿ ಕಾಮಗಾರಿಗಳಲ್ಲಿ ಕೆಲಸ ಮುಗಿದ ಮೇಲೂ ಗುತ್ತೇದಾರರ ಹಣದಲ್ಲಿ ಒಂದು ಪಾಲನ್ನು ಹಿಡಿದಿಟ್ಟು, ದೋಷ ಸರಿಪಡಿಸುವ ಅವಧಿ ಮುಗಿದ ಮೇಲೆ ಕೊಡುವ ಪದ್ಧತಿ ಇದೆ. ಮನೆಗೂ ಅದನ್ನೇ ಮಾಡಬಹುದು: “ಒಂದು ಮಳೆಗಾಲ ದಾಟಲಿ, ಇಷ್ಟು ಹಣ ಆಮೇಲೆ.” ಆದರೆ ಅದನ್ನು ಕೆಲಸ ಶುರುವಾಗುವ ಮುಂಚೆ ಹೇಳಬೇಕು. ಎಲ್ಲ ಮುಗಿದ ಮೇಲೆ ಹಣ ತಡೆದರೆ ಅದು ನ್ಯಾಯವಲ್ಲ. ಗೌಂಡಿಗೂ ಮನೆ ಮಕ್ಕಳಿದ್ದಾರೆ.

ಕಟ್ಟಿದವರೇ ಸರಿಪಡಿಸಬೇಕು ಎಂಬ ಮಾತು ಇವತ್ತಿನದಲ್ಲ. ಸುಮಾರು 3,750 ವರ್ಷಗಳ ಹಿಂದೆ ಬ್ಯಾಬಿಲೋನಿನ ದೊರೆ ಹಮ್ಮುರಾಬಿ ಕಪ್ಪು ಕಲ್ಲಿನ ಮೇಲೆ ಕೊರೆಸಿದ ಕಾನೂನುಗಳಲ್ಲಿ ಇದೂ ಇದೆ. ಗೋಡೆ ಗಟ್ಟಿಯಿಲ್ಲದೆ ವಾಲಿದರೆ ಕಟ್ಟಿದವನು ತನ್ನ ಖರ್ಚಿನಲ್ಲೇ ಅದನ್ನು ಗಟ್ಟಿ ಮಾಡಿಕೊಡಬೇಕು. ಮನೆ ಬಿದ್ದು ಯಜಮಾನ ಸತ್ತರೆ ಕಟ್ಟಿದವನಿಗೆ ಮರಣದಂಡನೆ! ಆ ಕಲ್ಲು ಈಗ ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿದೆ.

ನಮ್ಮ ಕಡೆಯ ಹಿರಿಯರಿಗೆ ಕೆಟ್ಟ ಗೋಡೆಯ ಬೆಲೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಪಕ್ಕದ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ನೆಲ ನಡುಗಿತು. ಗಣೇಶನನ್ನು ಕಳುಹಿಸಿ ಮಲಗಿದ್ದ ಜನ. ಮಣ್ಣಿನಲ್ಲಿ ಕಲ್ಲು ಕೂರಿಸಿ ಕಟ್ಟಿದ ದಪ್ಪ ಗೋಡೆಗಳು, ಮೇಲೆ ಭಾರದ ಮಣ್ಣಿನ ಮಾಳಿಗೆ. ಗೋಡೆಗಳನ್ನು ಒಂದಕ್ಕೊಂದು ಬಿಗಿಯುವ ಪಟ್ಟಿ ಇರಲಿಲ್ಲ. ಸಾವಿರಾರು ಜನ ತಮ್ಮ ಮನೆಯ ಅಡಿಯಲ್ಲೇ ಸಿಕ್ಕಿ ಸತ್ತರು. ಆ ಬೆಳಗು ಹೇಗಿತ್ತೆಂದು ನಿಮ್ಮ ಮುತ್ಯಾನನ್ನು, ಆಯಿಯನ್ನು ಕೇಳಿ ಬರೆದುಕೊಳ್ಳಿ. ಬಾಗಿಲು ಕಿಟಕಿಯ ಮೇಲ್ಮಟ್ಟದಲ್ಲಿ ಮನೆಯ ಸುತ್ತಲೂ ಬರುವ ಕಾಂಕ್ರೀಟ್ ಪಟ್ಟಿಯನ್ನು “ಖರ್ಚು ಉಳಿಸೋಣ” ಎಂದು ಯಾರಾದರೂ ಬಿಡಲು ಹೊರಟರೆ ಆ ಪುಟವನ್ನು ತೆರೆದು ತೋರಿಸಬಹುದು.

ಅದೇ ವರ್ಷ, ಕಿಲ್ಲಾರಿಯ ನಂತರ ಒಂದು ತಿಂಗಳು ಚಿಲ್ಲರೆ ದಿನಕ್ಕೆ, ನವೆಂಬರ್ 5ರಂದು ಸುಪ್ರೀಂ ಕೋರ್ಟ್ ಮನೆ ಕಟ್ಟಿಸುವವರಿಗೆಲ್ಲ ಬೇಕಾದ ತೀರ್ಪು ಕೊಟ್ಟಿತು. ಹಣ ಕೊಟ್ಟವರಿಗೆ ಹೊತ್ತಿಗೆ ಮನೆ ಕೊಡದ ಲಕ್ನೋ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣ ಅದು. ಗ್ರಾಹಕರ ಕಾನೂನು ನಮಗೆ ಅನ್ವಯಿಸುವುದಿಲ್ಲ ಎಂದು ಪ್ರಾಧಿಕಾರ ವಾದಿಸಿತು. ಮನೆ ಕಟ್ಟಿಕೊಡುವುದು ಒಂದು ಸೇವೆ, ಅದರಲ್ಲಿ ಕೊರತೆ ಇದ್ದರೆ ಗ್ರಾಹಕ ಕೇಳಬಹುದು, ಎದುರಿಗಿರುವುದು ಸರ್ಕಾರಿ ಸಂಸ್ಥೆಯಾದರೂ ಕೇಳಬಹುದು ಎಂದು ಕೋರ್ಟ್ ಹೇಳಿತು. ಈಗಿನ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಂತೂ ‘ಸೇವೆ’ಗಳ ಸಾಲಿನಲ್ಲಿ ಮನೆ ಕಟ್ಟುವುದನ್ನು ಹೆಸರಿಸಿಯೇ ಬರೆದಿದ್ದಾರೆ.

ಹಾಗಾದರೆ ಗ್ಯಾರಂಟಿ ಕಾಗದ ಇಲ್ಲದಿದ್ದರೂ ದಾರಿ ಇದೆ. ಆದರೆ ಒಂದು ವ್ಯತ್ಯಾಸ ತಿಳಿದಿರಬೇಕು. ಚದರ ಅಡಿಗೆ ಇಷ್ಟು ಎಂದು ಮಾತಾಡಿ ಕೆಲಸವನ್ನು ಗುತ್ತಿಗೆಗೆ ಒಪ್ಪಿಸಿದ್ದರೆ ಅದು ಸೇವೆ. ದಿನಗೂಲಿಗೆ ಕರೆದು, ನೀವೇ ಮುಂದೆ ನಿಂತು ಹೀಗೆ ಕಟ್ಟು ಹಾಗೆ ಕಟ್ಟು ಎಂದು ಮಾಡಿಸಿದ್ದರೆ ಅಂಥ ದೂರು ನಿಲ್ಲುವುದು ಕಷ್ಟ.

ಮೊದಲು ಗೌಂಡಿಯನ್ನೋ ಗುತ್ತೇದಾರರನ್ನೋ ಮನೆಗೆ ಕರೆದು, ಚಹಾ ಕೊಟ್ಟು, ನೋಟ್‌ಬುಕ್ ಮುಂದಿಡಿ. ತಾರೀಖು, ಅಳತೆ, ಫೋಟೋ ಎಲ್ಲ ಕಣ್ಣೆದುರು ಇದ್ದಾಗ “ಹಂಗೇ ಇರ್ತದ್ರಿ” ಎನ್ನುವುದು ಅಷ್ಟು ಸುಲಭವಲ್ಲ. ಎಷ್ಟೋ ಜಗಳ ಅಲ್ಲಿಗೇ ಮುಗಿಯುತ್ತವೆ. ಮುಗಿಯದಿದ್ದರೆ ಏನೇನು ದೋಷ, ಎಷ್ಟು ದಿನದಲ್ಲಿ ಸರಿಪಡಿಸಬೇಕು ಎಂದು ಕಾಗದ ಬರೆದು, ತಲುಪಿದ್ದಕ್ಕೆ ರಸೀದಿ ಬರುವಂತೆ ಅಂಚೆಯಲ್ಲಿ ಕಳುಹಿಸಿ. ಅವರು ಬಂದು ನೋಡುವ ಮುಂಚೆ ಬಿರುಕಿಗೆ ಸಿಮೆಂಟ್ ಮೆತ್ತಿಸಬೇಡಿ, ಸಾಕ್ಷಿ ಮುಚ್ಚಿಹೋಗುತ್ತದೆ. ಮಾಳಿಗೆ ಬೀಳುವ ಭಯವಿದ್ದರೆ ಮಾತ್ರ ಕಾಯಬೇಡಿ. ಮೊದಲು ಮನೆ ಮಂದಿ ಹೊರಗೆ, ಸಾಕ್ಷಿ ಆಮೇಲೆ. ಸ್ವತಂತ್ರ ಎಂಜಿನಿಯರ್ ಒಬ್ಬರಿಂದ ಬರೆಸಿದ ವರದಿ ಇದ್ದರೆ ದೂರಿಗೆ ಬೆನ್ನೆಲುಬು ಬಂದಂತೆ. ನೀರಿನ ಟ್ಯಾಂಕ್, ನಲ್ಲಿ, ಸೋರಿಕೆ ತಡೆಯುವ ಬಣ್ಣ ಇವುಗಳಿಗೆ ಕಂಪನಿಯ ವಾರಂಟಿ ಬೇರೆಯೇ ಇರುತ್ತದೆ. ಬಿಲ್ಲನ್ನೂ ಅಂಗಡಿಯ ಮುದ್ರೆ ಬಿದ್ದ ಕಾರ್ಡನ್ನೂ ನೋಟ್‌ಬುಕ್ಕಿಗೇ ಅಂಟಿಸಿಡಿ.

ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಫ್ಲಾಟ್ ಕೊಂಡ ಮಕ್ಕಳಿರುವ ಅಜ್ಜ ಅಜ್ಜಿಯರು ಅವರಿಗೆ ಇದೊಂದು ಹೇಳಿ. 2016ರ ರೇರಾ ಕಾಯ್ದೆಯಂತೆ, ಮನೆ ಕೈಗೆ ಬಂದ ದಿನದಿಂದ 5 ವರ್ಷದೊಳಗೆ ಕಟ್ಟಡದ ದೋಷ ಅಥವಾ ಕೆಲಸದ ದೋಷ ತೋರಿಸಿದರೆ, ಬಿಲ್ಡರ್ 30 ದಿನದಲ್ಲಿ ಖರ್ಚಿಲ್ಲದೆ ಸರಿಪಡಿಸಬೇಕು. ಇದು ದೊಡ್ಡ ಯೋಜನೆಗಳಿಗೆ. ಜನವಾಡದಲ್ಲಿ ಸ್ವಂತ ಜಾಗದಲ್ಲಿ ಒಂಟಿ ಮನೆ ಕಟ್ಟಿಸಿದವರಿಗೆ ರೇರಾ ಬರುವುದಿಲ್ಲ, ಗ್ರಾಹಕ ಆಯೋಗವೇ ದಾರಿ.

ಆ ಆಯೋಗ ಬೀದರಿನಲ್ಲೇ ಇದೆ: ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. ಕೊಟ್ಟ ಹಣ 50 ಲಕ್ಷ ರೂಪಾಯಿಯವರೆಗಿನ ದೂರುಗಳು ಅಲ್ಲಿ ನಡೆಯುತ್ತವೆ, 5 ಲಕ್ಷದವರೆಗೆ ಶುಲ್ಕವಿಲ್ಲ. ವಕೀಲರು ಇರಲೇಬೇಕೆಂದಿಲ್ಲ, ಮನೆಯವರೇ ನಿಂತು ಹೇಳಬಹುದು. ಎದುರಿನವರಿಗೆ ಉತ್ತರ ಕೊಡಲು 30 ದಿನ, ಹೆಚ್ಚೆಂದರೆ ಇನ್ನೂ 15 ದಿನ ಸಿಗುತ್ತದೆ. ಇಬ್ಬರೂ ಒಪ್ಪಿದರೆ ಮಧ್ಯಸ್ಥರ ಮುಂದೆ ಕೂತು ರಾಜಿಯಾಗಬಹುದು. ದೂರು ಕೊಡುವ ಮುಂಚೆ ಸಲಹೆ ಬೇಕಿದ್ದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಬಹುದು. ದೂರು ಕೊಡಲು ಕಾರಣ ಹುಟ್ಟಿದ ದಿನದಿಂದ 2 ವರ್ಷ ಮಾತ್ರ ಅವಕಾಶ. ತಡವಾದರೆ ಯಾಕೆ ತಡವಾಯಿತೆಂದು ಆಯೋಗಕ್ಕೆ ಒಪ್ಪಿಸಬೇಕಾಗುತ್ತದೆ. “ಈ ದೀಪಾವಳಿ ಆಗಲಿ, ಬಂದು ಮಾಡ್ತೀನ್ರಿ” ಎನ್ನುವ ಮಾತಿನಲ್ಲಿ ಎರಡು ದೀಪಾವಳಿ ಕಳೆಯುವುದು ನಮಗೆಲ್ಲ ಗೊತ್ತು. ಅದಕ್ಕೇ ಮಕ್ಕಳೇ, ಗೌಂಡಿ ಕಾಕಾ ಬರುತ್ತೇನೆ ಎಂದ ಪ್ರತಿ ಸಲವೂ ಆ ದಿನದ ತಾರೀಖನ್ನು ಬರೆದಿಡಿ.