ಅಮರ ಚಿತ್ರಕಥೆ: ಕುಂಚ ಯಾರದು, ಕೀರ್ತಿ ಯಾರದು?

ಹಿಡಕಲ್ಲಿನ ಆಣೆಕಟ್ಟಿನಿಂದ ಮೊದಲ್ಗೊಂಡು ಹುಕ್ಕೇರಿ, ಗೋಕಾಕ, ಮೂಡಲಗಿಗಳವರೆಗೆ ಘಟಪ್ರಭೆಯ ಈ ಸೀಮೆಯಲ್ಲಿ ಬಾಲ್ಯದ ಓದನ್ನು ಸ್ಮರಿಸಿಕೊಳ್ಳುವವರ ಬಾಯಲ್ಲಿ ಅಮರ ಚಿತ್ರಕಥೆಯ ಮಾತು ಬಂದಾಗಲೆಲ್ಲ, ಆ ಚಿತ್ರಗಳನ್ನು ಬರೆದವರು ಅನಂತ ಪೈ ಅವರೇ ಎಂಬ ನಂಬಿಕೆಯೂ ಅದರೊಡನೆ ಬರುವುದುಂಟು. ಕಾರ್ಕಳದಲ್ಲಿ 1929ರಲ್ಲಿ ಜನಿಸಿ, ಮುಂಬಯಿಯಲ್ಲಿ ಬೆಳೆದು, 2011ರಲ್ಲಿ ನಿಧನರಾದ ಪೈ ಅವರು ಆ ಮಾಲೆಯ ಸಂಪಾದಕರು. ಕಥೆಯನ್ನು ಆರಿಸಿದವರು, ತಿದ್ದಿದವರು, ಲಕ್ಷಾಂತರ ಮಕ್ಕಳ ಕೈಗೆ ಮುಟ್ಟಿಸಿದವರು. ಆದರೆ ಇಂಗ್ಲಿಷ್ ಮಾಲೆಯ ಮೊದಲ ಪುಸ್ತಕವಾದ ‘ಕೃಷ್ಣ’ನಿಗೆ ಅಂಗಸೌಷ್ಠವವನ್ನು, ಮುಖಭಾವವನ್ನು, ಚಲನೆಯನ್ನು ಕೊಟ್ಟ ಕುಂಚ ರಾಮ್ ವಾಯೀರ್‌ಕರ್ ಅವರದು, ಮುಂದೆ ‘ಟಿಂಕಲ್’ ಪತ್ರಿಕೆಯ ಸುಪ್ಪಾಂಡಿಗೆ ರೂಪವಿತ್ತವರೂ ಅವರೇ. ಗೋಕಾಕದ ಚಿತ್ರಗಾರರು ಹಗುರ ಕಟ್ಟಿಗೆಯಲ್ಲಿ ಕೆತ್ತಿ ಬಣ್ಣ ಹಚ್ಚಿದ ಹಣ್ಣನ್ನೋ ದೇವತಾಮೂರ್ತಿಯನ್ನೋ ಕೊಂಡೊಯ್ದವರು ಊರಿನ ಹೆಸರನ್ನು ಹೇಳುವರೇ ವಿನಾ ಮಾಡಿದವನ ಹೆಸರನ್ನು ಹೇಳುವುದು ವಿರಳವಷ್ಟೆ. ವಾಯೀರ್‌ಕರರ ಪಾಲಿಗೂ ಒದಗಿದ್ದು ಅದೇ ಅನ್ಯಾಯ.

ಈ ಅನ್ಯಾಯ ನಮ್ಮ ದೇಶಕ್ಕೆ ಮಾತ್ರ ಸೀಮಿತವಲ್ಲ. ಅಮೆರಿಕದ ಮಹಾಶೂರರ ಚಿತ್ರಕಥೆಗಳನ್ನೆಲ್ಲ ಸ್ಟ್ಯಾನ್ ಲೀ ಒಬ್ಬರೇ ಸೃಷ್ಟಿಸಿದರೆಂದು ಬಗೆಯುವವರು ಜ್ಯಾಕ್ ಕರ್ಬಿ ಎಂಬ ಚಿತ್ರಕಾರನನ್ನು ಮರೆಯುತ್ತಾರೆ. 1941ರಲ್ಲಿ ಜೋ ಸೈಮನ್‌ರೊಡಗೂಡಿ ಕ್ಯಾಪ್ಟನ್ ಅಮೆರಿಕವನ್ನೂ, 1961ರಲ್ಲಿ ಲೀ ಅವರೊಡಗೂಡಿ ಫೆಂಟಾಸ್ಟಿಕ್ ಫೋರ್ ಬಳಗವನ್ನೂ ಮೂಡಿಸಿದ ಕರ್ಬಿ, ಬಾಯಿಮಾತಿನಲ್ಲಿ ಕೇಳಿದ ಕಥಾಸೂತ್ರವನ್ನು ಹಿಡಿದು ಪುಟಪುಟವನ್ನೂ ತಾನೇ ಚಿತ್ರಿಸಿ ಘಟನೆಗಳನ್ನು ಬೆಳೆಸುತ್ತಿದ್ದನು. ಎಷ್ಟೋ ಸಂಚಿಕೆಗಳಲ್ಲಿ ಸಂಭಾಷಣೆ ಸೇರುತ್ತಿದ್ದುದು ಆಮೇಲೆ. ಚಿತ್ರಕಥೆಯಲ್ಲಿ ಚಿತ್ರಕಾರನೂ ಕಥೆಗಾರನೇ ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ಎರಡನೆಯ ಭ್ರಮೆ ಕನ್ನಡಿಗರಾದ ನಮಗೆ ಇನ್ನೂ ನೋವಿನದು. ಅಮರ ಚಿತ್ರಕಥೆ ಮುಂಬಯಿಯಲ್ಲಿ ಇಂಗ್ಲಿಷಿನಲ್ಲಿ ಹುಟ್ಟಿ, ಕನ್ನಡಕ್ಕೆ ಅನುವಾದದ ಮೂಲಕ ಬಂದಿತೆಂದು ನಾವೇ ಹೇಳಿಕೊಳ್ಳುತ್ತೇವೆ. ಮಾಲೆಯ ಪ್ರಕಾಶಕರಾದ ಐಬಿಎಚ್ ಸಂಸ್ಥೆಯ ಬೆಂಗಳೂರು ಕಚೇರಿಯಲ್ಲಿದ್ದ ಜಿ.ಕೆ. ಅನಂತರಾಮ್ ಅವರು ತಿಳಿಸಿರುವಂತೆ, ಮಾಲೆ 1965ರಲ್ಲಿ ಕನ್ನಡದಲ್ಲಿಯೇ ಆರಂಭವಾಯಿತು. ಮೊದಲ ಹತ್ತು ಪುಸ್ತಕಗಳು ಸಿಂಡರೆಲಾ ಮೊದಲಾದ ಪಾಶ್ಚಾತ್ಯ ಕಥೆಗಳಾಗಿದ್ದುವು. ಅವುಗಳ ಯಶಸ್ಸೇ ಮುಂಬಯಿಯ ಪ್ರಧಾನ ಕಚೇರಿಗೆ ಧೈರ್ಯವನ್ನು ತಂದಿತು. ಇಂಗ್ಲಿಷಿನ ‘ಕೃಷ್ಣ’ಕ್ಕೆ 11 ಎಂಬ ಕ್ರಮಸಂಖ್ಯೆ ಏಕೆ ಬಂದಿತೆಂದು ಕೇಳುವವರಿಗೆ ಉತ್ತರ ಆ ಹತ್ತು ಕನ್ನಡ ಪುಸ್ತಕಗಳಲ್ಲಿದೆ. ದೂರದರ್ಶನದ ಸ್ಪರ್ಧೆಯೊಂದರಲ್ಲಿ ಗ್ರೀಕ್ ದೇವತೆಗಳನ್ನು ಬಲ್ಲ ಮಕ್ಕಳು ರಾಮನ ತಾಯಿಯ ಹೆಸರನ್ನರಿಯದೆ ನಿಂತುದನ್ನು ಕಂಡು ಪೈ ಅವರು ಮರುಗಿದ ಪ್ರಸಂಗ ಸತ್ಯವೇ. ಆದರೆ ಅದು ನಡೆದುದು 1967ರಲ್ಲಿ, ಕನ್ನಡದ ಮಾಲೆ ಆರಂಭವಾದ ಎರಡು ವರ್ಷಗಳ ಮೇಲೆ.

ನಮ್ಮ ಪುರಾಣಪುರುಷರನ್ನು ವಿದೇಶೀ ಮಹಾಶೂರರ ಅಚ್ಚಿನಲ್ಲಿ ಎರಕಹೊಯ್ದು ಕೊಟ್ಟರೆಂಬ ಆಕ್ಷೇಪವೊಂದುಂಟು. ಚೌಕಟ್ಟುಗಳ ಜೋಡಣೆ, ಮಾತಿನ ಗುಳ್ಳೆ, ಕ್ರಿಯೆಯ ವೇಗ ಇವೆಲ್ಲ ಹೊರಗಿನಿಂದ ಬಂದವು. ಪೈ ಅವರೇ ಮೊದಲು ಫ್ಯಾಂಟಮ್ ಕಥೆಗಳ ಇಂದ್ರಜಾಲ ಕಾಮಿಕ್ಸಿನ ಕಾರ್ಯದಲ್ಲಿದ್ದವರು. ಆದರೆ ರಸಾಯನ ತಂತ್ರಜ್ಞಾನವನ್ನು ಅಭ್ಯಸಿಸಿದ್ದ ಈ ಸಂಪಾದಕರು ‘ಕೃಷ್ಣ’ದ ಮೊದಲ ಆವೃತ್ತಿಯಲ್ಲಿ, ಅಲೌಕಿಕ ಶಕ್ತಿಯ ಪ್ರದರ್ಶನಕ್ಕೆ ಅಳುಕಿ, ಗೋವರ್ಧನವನ್ನು ಎತ್ತಿ ಹಿಡಿದ ದೃಶ್ಯವನ್ನೇ ಕೈಬಿಟ್ಟರು! ಮಹಾಶೂರನನ್ನು ಮಾರುವುದೇ ಉದ್ದೇಶವಾಗಿದ್ದರೆ ಬೆಟ್ಟವನ್ನು ಬೆರಳ ತುದಿಯಲ್ಲಿ ಹೊತ್ತ ಬಾಲಕನನ್ನು ಬಿಡುವವರು ಯಾರು? ಪರಿಷ್ಕೃತ ಆವೃತ್ತಿಯಲ್ಲಿ ಗೋವರ್ಧನ ಮರಳಿ ಬಂದಿತು. ವೇಷಧಾರಿ ಮಹಾಶೂರನೆಂಬ ಅಪ್ಪಟ ಕಲ್ಪನೆಗೆ ಆ ಮಾಲೆಯ ಕೈಯೇ ದುಡಿದುದು ಅನಂತರ: ಅಮರ ಚಿತ್ರಕಥೆಗೆ ಬಹುಕಾಲ ಚಿತ್ರ ಬರೆದ ಪ್ರತಾಪ್ ಮುಳಿಕ್ ಅವರು ರಾಜ್ ಕಾಮಿಕ್ಸಿನ ನಾಗರಾಜನನ್ನು ಚಿತ್ರಿಸಿದ ಮೇಲೆ, ಪುರಾಣವನ್ನು ಬರೆದು ಪಳಗಿದ ರೇಖೆ ಹೊಸಗಾಲದ ವೀರನೊಬ್ಬನ ಮೈಗಟ್ಟಿಗೆ ಒದಗಿತು.