ಪುಟ್ಟ ದೇಶ, ಐವತ್ತು ತಿರುವು

ಯುರೋಪ್ ಎಂದೊಡನೆ ನಿಮಗೆ ಲಂಡನ್, ಪ್ಯಾರಿಸ್, ಸ್ವಿಟ್ಜರ್ಲೆಂಡ್ ನೆನಪಾಗುವುದು ಸಹಜ. ಓದು ಮುಗಿಸಿ, ಕೆಲಸಕ್ಕೆ ಸೇರಿ, ಕೈಯಲ್ಲಿ ನಾಲ್ಕು ಕಾಸು ಕೂಡಿದ ಮೇಲೆ ಆ ಕಡೆ ಹೋಗುವ ಯೋಗ ಬಂದರೆ ಸ್ಲೊವೇನಿಯಾವನ್ನೂ ಮರೆಯಬೇಡಿ. ಇಟಲಿ, ಆಸ್ಟ್ರಿಯಾ, ಹಂಗೆರಿ, ಕ್ರೊಯೇಷಿಯಾಗಳ ನಡುವಿನ ಈ ದೇಶ 1991ರಲ್ಲಿ ಯುಗೊಸ್ಲಾವಿಯಾದಿಂದ ಬೇರೆಯಾಯಿತು. ವಿಸ್ತೀರ್ಣ ಸುಮಾರು 20,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಹತ್ತರಲ್ಲೊಂದು ಪಾಲು. ಜನಸಂಖ್ಯೆ 21 ಲಕ್ಷದಷ್ಟು. ಬೆಳಿಗ್ಗೆ ಹಿಮದ ಬೆಟ್ಟ ನೋಡಿ, ಕಾರಿನಲ್ಲಿ ಹೊರಟರೆ ಸಂಜೆಗೆ ಕಡಲತೀರ!

ಹೊರಡುವ ಮುನ್ನ ಷೆಂಗೆನ್ ವೀಸಾದ ಜೊತೆಗೆ ನಿಮ್ಮ ಆರ್.ಟಿ.ಓ. ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪಡೆಯಿರಿ. ಮೂಲ ಲೈಸೆನ್ಸ್ ಕೂಡ ಜೇಬಿನಲ್ಲಿರಲಿ. ಅಲ್ಲಿ ವಾಹನಗಳು ಓಡುವುದು ರಸ್ತೆಯ ಬಲಗಡೆ. ಸ್ಟಿಯರಿಂಗ್ ಇರುವುದು ಎಡಗಡೆ. ಹಗಲಲ್ಲೂ ದೀಪ ಹಚ್ಚಿರಬೇಕು. ಊರೊಳಗೆ ವೇಗದ ಮಿತಿ 50, ಹೆದ್ದಾರಿಯಲ್ಲಿ 130 ಕಿಲೋಮೀಟರ್. ಹೆದ್ದಾರಿಗೆ 'ವಿನ್ಯೆಟ್' ಎಂಬ ಸುಂಕವನ್ನು ಮೊದಲೇ ಕಟ್ಟಬೇಕು. 2022ರಿಂದ ಗಾಜಿಗೆ ಅಂಟಿಸುವ ಚೀಟಿ ಹೋಗಿ, ಕಾರಿನ ನಂಬರಿಗೇ ಅದು ದಾಖಲಾಗುತ್ತದೆ. ಬಾಡಿಗೆ ಕಾರಾದರೆ, ಸುಂಕ ಕಟ್ಟಿದೆಯೇ ಎಂದು ಕೇಳಿಯೇ ಬೀಗದ ಕೈ ತೆಗೆದುಕೊಳ್ಳಿ.

ಉತ್ತರದಲ್ಲಿ ವ್ರ್‍ಶಿಚ್ ಘಾಟಿ ಇದೆ. ಎತ್ತರ 1,611 ಮೀಟರ್, ತಿರುವುಗಳು ಐವತ್ತು. ಮೊದಲ ಮಹಾಯುದ್ಧದಲ್ಲಿ ಸೆರೆಸಿಕ್ಕ ರಷ್ಯನ್ ಸೈನಿಕರಿಂದ ಕಡಿಸಿದ ದಾರಿಯಿದು. 1916ರಲ್ಲಿ ಹಿಮ ಕುಸಿದು ಅವರಲ್ಲಿ ಅನೇಕರು ಸತ್ತರು. ಉಳಿದವರು ಕಟ್ಟಿದ ಮರದ ಚಿಕ್ಕ ಪ್ರಾರ್ಥನಾಮಂದಿರ ಇಂದಿಗೂ ದಾರಿಬದಿಯಲ್ಲಿದೆ. ಅಲ್ಲಿ ಎರಡು ನಿಮಿಷ ಇಳಿದು ನಿಲ್ಲಿ. ಚಳಿಗಾಲದಲ್ಲಿ ಈ ಘಾಟಿ ಮುಚ್ಚಿರುವುದುಂಟು, ವಿಚಾರಿಸಿ ಹೋಗಿ. ಆಚೆ ಇಳಿದರೆ ಹಸಿರು ನೀರಿನ ಸೋಚಾ ನದಿ. ದಕ್ಷಿಣಕ್ಕೆ ಪೋಸ್ಟೋಯ್ನಾ ಗುಹೆ. ಅದರೊಳಗೆ 1872ರಿಂದ ಪ್ರವಾಸಿಗರಿಗಾಗಿ ಹಳಿ ಹಾಕಿದ್ದಾರೆ.

ರಾಜಧಾನಿ ಲ್ಯುಬ್ಲಿಯಾನಾದಲ್ಲಿ ಕಾರನ್ನು ಹೊರಗೇ ನಿಲ್ಲಿಸಿ ನಡೆಯಿರಿ. ನಗರದ ನಡುಭಾಗಕ್ಕೆ ಕಾರುಗಳ ಪ್ರವೇಶವಿಲ್ಲ. ಮುಖ್ಯ ಚೌಕದಲ್ಲಿರುವುದು ರಾಜನ ಪ್ರತಿಮೆಯಲ್ಲ, ಸೇನಾಪತಿಯದೂ ಅಲ್ಲ. ಕವಿ ಫ್ರಾನ್ಸೆ ಪ್ರೆಶೆರೆನ್ ಅವರದು. 1849ರಲ್ಲಿ ಅವರು ತೀರಿಕೊಂಡ ಫೆಬ್ರವರಿ 8 ದೇಶಕ್ಕೇ ರಜೆ. ರಾಷ್ಟ್ರಗೀತೆಯೂ ಅವರ ಕವನದ್ದೇ. 1550ರಲ್ಲಿ ಸ್ಲೊವೀನ್ ಭಾಷೆಯ ಮೊದಲ ಪುಸ್ತಕ ಅಚ್ಚು ಹಾಕಿಸಿದ ಪ್ರಿಮೊಜ್ ತ್ರುಬಾರ್ ಅವರ ಮುಖ ಅಲ್ಲಿನ ಒಂದು ಯೂರೋ ನಾಣ್ಯದ ಮೇಲಿದೆ. ಶಾಲೆಯಲ್ಲಿ ಸಂಸ್ಕೃತ ಓದುವಾಗ ನಿಮ್ಮನ್ನು ಕಾಡಿದ ದ್ವಿವಚನ ನೆನಪಿದೆಯೇ? ಸ್ಲೊವೀನ್ ಭಾಷೆಯಲ್ಲಿ ಅದು ಇನ್ನೂ ಜನರ ಬಾಯಲ್ಲಿದೆ. ಶತಮಾನಗಳ ಕಾಲ ಆಳಿದವರ ಭಾಷೆ ಜರ್ಮನ್ ಆಗಿದ್ದರೂ ಈ ಜನ ತಮ್ಮ ನುಡಿಯನ್ನು ಬಿಡಲಿಲ್ಲ.

2011ರ ಜನಗಣತಿಯಂತೆ ಕನ್ನಡ ನಾಲ್ಕು ಕೋಟಿಗೂ ಹೆಚ್ಚು ಜನರ ತಾಯ್ನುಡಿ. ಆದರೆ ಭಾಷೆ ಉಳಿಯುವುದು ಎಣಿಕೆಯಿಂದಲ್ಲ, ಬಳಕೆಯಿಂದ. ಮುಂಬಯಿ, ಪುಣೆ, ದೆಹಲಿಗಳಲ್ಲಿ ಬೆಳೆದ ನೀವು ಮನೆಯಲ್ಲಿ ಕನ್ನಡ ಆಡುತ್ತೀರಿ, ಬರೆಯುವುದು? ಲ್ಯುಬ್ಲಿಯಾನಾದಿಂದ ಊರಿನ ಅಜ್ಜಿಗೆ ಒಂದು ಕಾರ್ಡು ಹಾಕಿ. ವಿಳಾಸ ಇಂಗ್ಲಿಷಿನಲ್ಲಿರಲಿ, ಒಕ್ಕಣೆ ಮಾತ್ರ ಕನ್ನಡದಲ್ಲಿರಲಿ. ಅಕ್ಷರ ಸೊಟ್ಟಗಾದರೂ ಅಜ್ಜಿ ಓದಿಕೊಳ್ಳುತ್ತಾರೆ.